ಮುಪ್ಪಿನ ಆರೈಕೆಯೂ ಸರಕಾರದ ಹೊಣೆಯೂ

ಕಾಯಕವನ್ನು ಪೂಜೆಯೆಂದೇ ಬಗೆದ ಶರಣಧರ್ಮಕ್ಕೆ ಮುಪ್ಪು ಒಂದು ಕಠಿನವಾದ ಪ್ರಶ್ನೆಯನ್ನು ಒಡ್ಡುತ್ತದೆ. ಕೈಕಾಲು ಗಟ್ಟಿಯಿರುವವರೆಗೆ ದುಡಿದು, ದುಡಿದುದರಲ್ಲಿ ಗುರುಲಿಂಗಜಂಗಮಕ್ಕೆ ಸಲ್ಲತಕ್ಕುದನ್ನು ಸಲ್ಲಿಸಿ, ಉಳಿದುದನ್ನು ಪ್ರಸಾದವೆಂದು ಕೈಕೊಂಡು ಬಾಳಿದ ಭಕ್ತನು ಎಂಬತ್ತರ ವಯಸ್ಸಿನಲ್ಲಿ ಹಾಸಿಗೆ ಹಿಡಿದರೆ ಅವನ ಕಾಯಕ ಯಾವುದು? ದುಡಿಯದವನಿಗೆ ಉಣ್ಣುವ ಅಧಿಕಾರವಿಲ್ಲವೆಂಬ ನಿಷ್ಠುರ ನ್ಯಾಯವನ್ನು ಅವನ ಮೇಲೂ ಹೇರಬಹುದೆ? ಹೇರಬಾರದೆಂದು ಯಾರಾದರೂ ಒಡನೆಯೇ ಹೇಳುವರು. ಆದರೆ ಏಕೆ ಹೇರಬಾರದು, ಹಾಗೂ ಅವನನ್ನು ನೋಡಿಕೊಳ್ಳುವ ಹೊಣೆ ಯಾರದು, ಮನೆಯವರದೆ, ಮಠದ್ದೆ, ಸರಕಾರದ್ದೆ, ಎಂದು ಕೇಳಿದರೆ ಉತ್ತರವು ಅಷ್ಟು ಸುಲಭವಾಗಿ ನಾಲಗೆಗೆ ಬರುವುದಿಲ್ಲ.

ಇದು ಪಂಡಿತರ ಕಾಲಕ್ಷೇಪಕ್ಕೆ ಹುಟ್ಟಿದ ಪ್ರಶ್ನೆಯಲ್ಲ. 2025ರ ಮಾರ್ಚ್ ತಿಂಗಳಿನಲ್ಲಿ ರಾಜ್ಯದ ವೈದ್ಯಕೀಯ ಶಿಕ್ಷಣ ಸಚಿವರಾದ ಶರಣಪ್ರಕಾಶ ಪಾಟೀಲರು ಹೊರಗೆಡಹಿದ ಒಂದು ಸಂಗತಿ ನಾಡಿನವರು ತಲೆ ತಗ್ಗಿಸುವಂತಹುದು. ಬೆಳಗಾವಿಯ ಸರಕಾರಿ ವೈದ್ಯಕೀಯ ಸಂಸ್ಥೆಯ ಆಸ್ಪತ್ರೆಯೊಂದರಲ್ಲಿಯೇ ಮಕ್ಕಳು ತಂದು ಸೇರಿಸಿ ತಿರುಗಿ ನೋಡದೆ ಹೋದ ವೃದ್ಧರ ಪ್ರಕರಣಗಳು 150ಕ್ಕೂ ಮೇಲ್ಪಟ್ಟಿದ್ದುವು. ರಾಜ್ಯದ ಇತರ ಸಂಸ್ಥೆಗಳಲ್ಲಿ ನೂರಕ್ಕೂ ಹೆಚ್ಚು. ರೋಗ ವಾಸಿಯಾಗಿದೆ, ಹೋಗಲು ಮನೆಯಿಲ್ಲ. ಆಸ್ಪತ್ರೆಯ ಮಂಚವೇ ಅವರಿಗೆ ಆಶ್ರಮವಾಯಿತು. ಬಸವಣ್ಣನವರ ಹೆಸರನ್ನು ದಿನಕ್ಕೆ ಹತ್ತು ಸಲ ಹೇಳುವ ನಾಡಿನಲ್ಲಿ ನಡೆದ ಮಾತಿದು.

ಇಲ್ಲಿ ಒಂದು ಶಬ್ದದ ಗೊಂದಲವನ್ನು ಮೊದಲೇ ಬಿಡಿಸಿಕೊಳ್ಳುವುದು ಒಳ್ಳೆಯದು. ‘ನರ್ಸಿಂಗ್ ಹೋಮ್’ ಎಂದೊಡನೆ ಸಿಂಧನೂರಿನವನ ಕಣ್ಣಿಗೆ ಬರುವುದು ಹೆರಿಗೆಯೂ ಶಸ್ತ್ರಚಿಕಿತ್ಸೆಯೂ ನಡೆಯುವ ಖಾಸಗಿ ಆಸ್ಪತ್ರೆ. ಪಶ್ಚಿಮ ದೇಶಗಳಲ್ಲಿ ಅದೇ ಶಬ್ದಕ್ಕೆ ತಾನಾಗಿ ಏಳಲಾರದ, ಉಣಲಾರದ, ಮೈ ತೊಳೆದುಕೊಳ್ಳಲಾರದ ವೃದ್ಧರು ಕೊನೆಯವರೆಗೆ ವಾಸಮಾಡುವ ಶುಶ್ರೂಷಾಗೃಹವೆಂದು ಅರ್ಥ. ಮೊದಲಿನದನ್ನು ಅಂಕೆಯಲ್ಲಿಡಲು ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯುಂಟು. ಎರಡನೆಯದು ಪೂರಾ ಆಸ್ಪತ್ರೆಯೂ ಅಲ್ಲ, ಪೂರಾ ಮನೆಯೂ ಅಲ್ಲ. ನಮ್ಮಲ್ಲಿ ಅದಕ್ಕೆ ‘ವೃದ್ಧಾಶ್ರಮ’ವೆಂಬ ಹೆಸರು ಬಂದಿದೆ. ಹೆಸರು ಮಾತ್ರ ದೊಡ್ಡದು. ಆಶ್ರಮವೆಂದರೆ ಇಚ್ಛೆಯಿಂದ ಸೇರತಕ್ಕ ಸ್ಥಾನ. ಇಲ್ಲಿಗೆ ಸೇರುವವರಲ್ಲಿ ಇಚ್ಛೆಯಿಂದ ಬಂದವರೆಷ್ಟು ಮಂದಿಯೆಂಬುದನ್ನು ಅವರ ಮುಖವೇ ಹೇಳುತ್ತದೆ.

‘ನಮ್ಮ ಮನೆಗಳಲ್ಲಿ ಇಂತಹುದರ ಅವಶ್ಯವಿಲ್ಲ, ತಾಯಿತಂದೆಗಳನ್ನು ಹೊರಗೆ ಹಾಕುವುದು ಪಟ್ಟಣದವರ ಚಾಳಿ’ ಎಂದು ಸದ್ಗೃಹಸ್ಥರು ಹೇಳುವುದುಂಟು. ಈ ಮಾತನ್ನು ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಮೂರರ ನಡುವಣ ಬಳಗಾನೂರಿನ ಸೀಮೆಯಲ್ಲಿಟ್ಟು ಪರೀಕ್ಷಿಸಬೇಕು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಹರಿಯುವ ಹೊಲಗಳಲ್ಲಿ ಭತ್ತ ಬೆಳೆಯುತ್ತದೆ. ನೀರು ಮುಟ್ಟದ ಎರೆಭೂಮಿಯು ಮಳೆಯನ್ನೇ ನಂಬಿದೆ. ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವುದೆಂದರೇನೆಂಬುದನ್ನು ಈ ಭಾಗದವರಿಗೆ ವಿವರಿಸಬೇಕಾಗಿಲ್ಲ. ಗಂಡಹೆಂಡಿರು ಕೂಸುಗಳನ್ನು ಕಟ್ಟಿಕೊಂಡು ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೊರಟರೆ ಮನೆಗೆ ಬೀಗ ಬೀಳುವುದಿಲ್ಲ. ಏಕೆಂದರೆ ಒಳಗೆ ಮುದುಕರಿರುತ್ತಾರೆ. ಮನೆ ಕಾಯಲು ಅವರು, ಅವರನ್ನು ಕಾಯಲು ಯಾರೂ ಇಲ್ಲ. ನೆರೆಮನೆಯವರು ರೊಟ್ಟಿ ಕೊಟ್ಟರೆ ಉಂಟು, ಇಲ್ಲದಿದ್ದರೆ ಹಿಟ್ಟು ಕಲಸಿಕೊಂಡು ಅಂಬಲಿ. ಇವರನ್ನು ಮಕ್ಕಳು ‘ತೊರೆದರು’ ಎನ್ನಬಹುದೆ? ಎನ್ನಲು ನಾಲಗೆ ಏಳದು. ‘ನೋಡಿಕೊಂಡರು’ ಎನ್ನಬಹುದೆ? ಅದೂ ಸತ್ಯವಲ್ಲ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಅರವತ್ತು ದಾಟಿದವರ ಸಂಖ್ಯೆ ಸುಮಾರು 58 ಲಕ್ಷ, ಎಂದರೆ ನೂರಕ್ಕೆ ಒಂಬತ್ತೂವರೆ. ಆ ಗಣತಿಯಾದ ಮೇಲೆ ಆಯುಸ್ಸು ಬೆಳೆದಿದೆ, ಮನೆಗಳು ಚಿಕ್ಕವಾಗಿವೆ. ಪಟ್ಟಣದ ಚಾಳಿಯೆಂದು ಕೈತೊಳೆದುಕೊಳ್ಳುವ ಕಾಲ ಮುಗಿದಿದೆ.

ಇನ್ನು ಮನೆಯಲ್ಲಿಯೇ ಇರುವ ವೃದ್ಧರ ಸ್ಥಿತಿಯಾದರೂ ಎಲ್ಲೆಡೆಯೂ ಒಂದೇ ತೆರನಾಗಿದೆಯೆ? ತಾಯಿಯನ್ನು ಆಶ್ರಮಕ್ಕೆ ಸೇರಿಸಿದರೆ ಜನ ಆಡಿಕೊಳ್ಳುವರೆಂಬ ಭಯದಿಂದ ಅವಳನ್ನು ದನದ ಕೊಟ್ಟಿಗೆಯ ಮಗ್ಗುಲಿನ ಕೋಣೆಯಲ್ಲಿಟ್ಟು, ಹೊತ್ತಿಗೊಂದು ತಟ್ಟೆ ಸರಿಸಿ ಬರುವವರಿಲ್ಲವೆ? ಇಂಥಲ್ಲಿ ನಾಚಿಕೆಯು ಮನೆತನದ ಮಾನವನ್ನು ಕಾಯುತ್ತದೆಯೇ ಹೊರತು ಮುದುಕಿಯನ್ನು ಕಾಯುವುದಿಲ್ಲ. ಸೇವೆ ನಿಜವಾಗಿ ನಡೆಯುವ ಮನೆಗಳಲ್ಲಿಯೂ ಒಂದು ಮಾತನ್ನು ನೇರವಾಗಿ ಒಪ್ಪಿಕೊಳ್ಳಬೇಕು. ‘ಮಗನು ತಂದೆಯನ್ನು ಚೆನ್ನಾಗಿ ನೋಡಿಕೊಂಡ’ ಎಂದು ಊರು ಹೊಗಳುವಾಗ ಮಲಮೂತ್ರವನ್ನು ಬಳಿದವಳು, ರಾತ್ರಿ ಮೂರು ಸಲ ಎದ್ದು ಹೊರಳಿಸಿ ಮಲಗಿಸಿದವಳು, ಬೆನ್ನಹುಣ್ಣಿಗೆ ಎಣ್ಣೆ ಹಚ್ಚಿದವಳು ಸಾಮಾನ್ಯವಾಗಿ ಸೊಸೆ. ಅವಳ ಹೆಸರು ಆ ಹೊಗಳಿಕೆಯಲ್ಲಿ ಬರುವುದಿಲ್ಲ. ಅವಳಿಗೆ ಯಾರೂ ಅದನ್ನು ಕಲಿಸಲಿಲ್ಲ, ಒಂದು ದಿನದ ಬಿಡುವನ್ನೂ ಕೊಡಲಿಲ್ಲ. ಅವಳು ಒಮ್ಮೆ ಬೇಸತ್ತು ಗದರಿದರೆ ಮಾತ್ರ ಊರಿಗೆಲ್ಲ ಕೇಳಿಸುತ್ತದೆ. ಹೆಣ್ಣಿಗೂ ಗಂಡಿಗೂ ಸಮಾನವಾಗಿ ಲಿಂಗದೀಕ್ಷೆಯನ್ನು ಕೊಟ್ಟ ಧರ್ಮದವರು ಸೇವೆಯ ಭಾರವನ್ನು ಹಂಚುವಾಗ ಆ ಸಮಾನತೆಯನ್ನು ಏಕೆ ಮರೆಯುತ್ತಾರೆ?

ಹಾಗಾದರೆ ಸರಕಾರಕ್ಕೆ ಇಲ್ಲಿ ಏನು ಕೆಲಸ? ವೃದ್ಧರ ಪೋಷಣೆ ಸಂಸಾರದ ಧರ್ಮ, ಅದರಲ್ಲಿ ಅಧಿಕಾರಿಗಳು ಕೈಹಾಕುವುದು ಈ ಕಾಲದ ಅತಿರೇಕ ಎಂಬ ಒಂದು ವಾದವುಂಟು. ಚರಿತ್ರೆ ಇದನ್ನು ಒಪ್ಪುವುದಿಲ್ಲ. 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಬಂಡೆಗಲ್ಲಿನ ಶಾಸನದಲ್ಲಿ ಅಶೋಕನ ಹೆಸರೇ ಕೊರೆದಿದೆ. ಅದೇ ಅರಸನು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನದಲ್ಲಿ ತಂದೆತಾಯಿಗಳಿಗೂ ಹಿರಿಯರಿಗೂ ವಿಧೇಯರಾಗಿ ನಡೆಯಬೇಕೆಂದು ಪ್ರಜೆಗಳಿಗೆ ತಿಳಿಹೇಳಿದನು. ಅಷ್ಟಕ್ಕೇ ನಿಲ್ಲಲಿಲ್ಲ. ಧರ್ಮಮಹಾಮಾತ್ರರೆಂಬ ಅಧಿಕಾರಿಗಳನ್ನು ನೇಮಿಸಿ, ಅನಾಥರ ಮತ್ತು ವೃದ್ಧರ ಹಿತವನ್ನು ನೋಡುವುದನ್ನೂ ಅವರ ಕರ್ತವ್ಯಗಳಲ್ಲಿ ಸೇರಿಸಿದನೆಂದು ಅವನ ಐದನೆಯ ಬಂಡೆಶಾಸನ ತಿಳಿಸುತ್ತದೆ. ಉಪದೇಶವೊಂದೇ ಸಾಲದು, ನೋಡಿಕೊಳ್ಳುವ ಆಳು ಬೇಕೆಂಬುದು ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆಯೇ ಅರಸನಿಗೆ ತಿಳಿದಿದ್ದಿತು. ಕೊಪ್ಪಳದ ಗವಿಮಠದ ಬೆಟ್ಟವನ್ನು ಹತ್ತುವ ಭಕ್ತರು ಅಲ್ಲಿಯೂ ಅದೇ ಅರಸನ ಲಿಪಿಯನ್ನು ಬಂಡೆಯ ಮೇಲೆ ಕಾಣುತ್ತಾರೆ.

ಕೌಟಿಲ್ಯನು ಇನ್ನೂ ಖಚಿತವಾಗಿ ಮಾತನಾಡುತ್ತಾನೆ. ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ, ದಿಕ್ಕಿಲ್ಲದ ಬಾಲರನ್ನೂ ವೃದ್ಧರನ್ನೂ ವ್ಯಾಧಿಗ್ರಸ್ತರನ್ನೂ ರಾಜನು ಪೋಷಿಸತಕ್ಕುದೆಂದು ಹೇಳಿ, ಅಲ್ಲಿಯೇ ಹೆಂಡಿರು ಮಕ್ಕಳನ್ನೂ ತಾಯಿತಂದೆಗಳನ್ನೂ ಸಾಕದಿರುವ ‘ಶಕ್ತನಾದವನಿಗೆ’ ಹನ್ನೆರಡು ಪಣಗಳ ದಂಡವನ್ನು ವಿಧಿಸುತ್ತಾನೆ. ಈ ‘ಶಕ್ತನಾದವನು’ ಎಂಬ ವಿಶೇಷಣದಲ್ಲಿಯೇ ನ್ಯಾಯವೆಲ್ಲ ಅಡಗಿದೆ. ಸಾಕಬಲ್ಲವನಾಗಿ ಸಾಕದವನಿಗೆ ದಂಡ. ಸಾಕಬೇಕೆಂದಿದ್ದು ಸಾಕಲಾರದವನಿಗೆ ದಂಡವಲ್ಲ, ನೆರವು. ಬೆಳಗಾವಿಯ ಆಸ್ಪತ್ರೆಯಲ್ಲಿ ಕೈಬಿಡಲ್ಪಟ್ಟವರ ಮಕ್ಕಳಲ್ಲಿ ಶಕ್ತರೆಷ್ಟು, ಅಶಕ್ತರೆಷ್ಟು ಎಂದು ಬೇರ್ಪಡಿಸದೆ ಎಲ್ಲರನ್ನೂ ಒಂದೇ ಕೋಲಿನಿಂದ ಹೊಡೆಯುವ ಸರಕಾರವೂ, ಎಲ್ಲರನ್ನೂ ಒಂದೇ ಕನಿಕರದಿಂದ ಬಿಟ್ಟುಬಿಡುವ ಸರಕಾರವೂ ಸಮಾನವಾಗಿ ತಪ್ಪುತ್ತವೆ.

ಸ್ವತಂತ್ರ ಭಾರತದ ಸಂವಿಧಾನವು ತನ್ನ 41ನೆಯ ಅನುಚ್ಛೇದದಲ್ಲಿ ಮುಪ್ಪಿನಲ್ಲಿ ಸಾರ್ವಜನಿಕ ನೆರವನ್ನು ಒದಗಿಸಲು ರಾಜ್ಯವು ತನ್ನ ಶಕ್ತ್ಯನುಸಾರ ಏರ್ಪಾಡು ಮಾಡತಕ್ಕುದೆಂದು ನಿರ್ದೇಶಿಸಿತು. 2007ರಲ್ಲಿ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣದ ಕಾಯಿದೆ ಬಂದಿತು. ಅದರ ಮೇರೆಗೆ ತಮ್ಮನ್ನು ತಾವು ಪೋಷಿಸಿಕೊಳ್ಳಲಾರದ ಹಿರಿಯರು ಉಪವಿಭಾಗಾಧಿಕಾರಿಗಳ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ನ್ಯಾಯಮಂಡಳಿಯ ಮುಂದೆ ಅರ್ಜಿ ಕೊಡಬಹುದು. ತಿಂಗಳಿಗೆ 10,000 ರೂಪಾಯಿಗಳ ಮಿತಿಯೊಳಗೆ ಜೀವನಾಂಶವನ್ನು ಪಡೆಯಬಹುದು. ಹಿರಿಯರನ್ನು ಬೇಕೆಂದೇ ತೊರೆದವರಿಗೆ ಮೂರು ತಿಂಗಳವರೆಗೆ ಸೆರೆ, 5,000 ರೂಪಾಯಿಗಳವರೆಗೆ ದಂಡ, ಅಥವಾ ಎರಡೂ. ಹನ್ನೆರಡು ಪಣಗಳು ಐದು ಸಾವಿರ ರೂಪಾಯಿಗಳಾದುವು, ತತ್ತ್ವ ಅದೇ.

ಇದೇ ಕಾಯಿದೆಯ 19ನೆಯ ಪ್ರಕರಣವು ವೃದ್ಧಾಶ್ರಮಗಳನ್ನು ಕುರಿತದ್ದು. ಜಿಲ್ಲೆಗೊಂದರಂತೆ ಮೊದಲುಮಾಡಿ, ಕನಿಷ್ಠ 150 ಮಂದಿ ನಿರ್ಗತಿಕ ವೃದ್ಧರಿಗೆ ಎಡೆಯಾಗುವಂತೆ, ಸುಲಭವಾಗಿ ತಲುಪಬಹುದಾದ ಸ್ಥಳಗಳಲ್ಲಿ ರಾಜ್ಯ ಸರಕಾರವು ಆಶ್ರಮಗಳನ್ನು ಸ್ಥಾಪಿಸಬಹುದೆಂದು ಅದು ಹೇಳುತ್ತದೆ. ‘ಸ್ಥಾಪಿಸತಕ್ಕುದು’ ಎಂದಲ್ಲ, ‘ಸ್ಥಾಪಿಸಬಹುದು’. ಮೀಮಾಂಸಾಶಾಸ್ತ್ರವನ್ನು ಬಲ್ಲವರಿಗೆ ವಿಧಿವಾಕ್ಯಕ್ಕೂ ಅನುಜ್ಞಾವಾಕ್ಯಕ್ಕೂ ಇರುವ ಅಂತರವನ್ನು ಹೇಳಬೇಕಾಗಿಲ್ಲ. ವಿಧಿಯನ್ನು ಮೀರಿದರೆ ಪ್ರತ್ಯವಾಯವುಂಟು. ಅನುಜ್ಞೆಯನ್ನು ಬಳಸದಿದ್ದರೆ ದೋಷವಿಲ್ಲ. ಮಕ್ಕಳಿಗೆ ವಿಧಿಯನ್ನು ಬರೆದು ತನಗೆ ಅನುಜ್ಞೆಯನ್ನು ಬರೆದುಕೊಂಡ ಶಾಸನಕಾರರ ಜಾಣತನವು ಮೆಚ್ಚತಕ್ಕುದೇನೂ ಅಲ್ಲ. 2019ರ ಡಿಸೆಂಬರಿನಲ್ಲಿ ಲೋಕಸಭೆಗೆ ಒಂದು ತಿದ್ದುಪಡಿ ಮಸೂದೆ ಬಂದಿತು. ಖಾಸಗಿ ಆಶ್ರಮಗಳೆಲ್ಲ ನೋಂದಣಿಯಾಗಬೇಕು, ಅವುಗಳಿಗೆ ಕನಿಷ್ಠ ಮಟ್ಟವೊಂದು ಗೊತ್ತಾಗಬೇಕು, ಮನೆಗೆ ಬಂದು ಆರೈಕೆ ಮಾಡುವ ಸಂಸ್ಥೆಗಳೂ ಅಂಕೆಗೊಳಪಡಬೇಕು, ಜೀವನಾಂಶದ ಹತ್ತು ಸಾವಿರದ ಮಿತಿ ಹೋಗಬೇಕು ಎಂಬ ಒಳ್ಳೆಯ ಅಂಶಗಳು ಅದರಲ್ಲಿದ್ದುವು. ಅದು ಕಾಯಿದೆಯಾಗಲಿಲ್ಲ; 2024ರಲ್ಲಿ ಆ ಲೋಕಸಭೆಯ ಅವಧಿಯೊಡನೆ ತಾನೂ ಅಳಿಯಿತು. ಹಣದ ವಿಚಾರವೂ ಹೀಗೆಯೇ. ರಾಜ್ಯ ಸರಕಾರವು 2007ರಲ್ಲಿ ಆರಂಭಿಸಿದ ಸಂಧ್ಯಾ ಸುರಕ್ಷಾ ಯೋಜನೆಯ ವೇತನವು 2021ರಲ್ಲಿ ತಿಂಗಳಿಗೆ 1,200 ರೂಪಾಯಿಗಳಿಗೆ ಏರಿತು. ದಿನಕ್ಕೆ ನಾಲ್ವತ್ತು ರೂಪಾಯಿ! ಗುಳೆ ಹೋದವರ ಮನೆಯ ಮುದುಕಿಗೆ ಅದೇ ದೊಡ್ಡ ಆಸರೆಯೆಂಬುದು ನಿಜ. ಆದರೆ ಹಾಸಿಗೆ ಹಿಡಿದವಳನ್ನು ಹೊರಳಿಸಲು ಆ ಹಣಕ್ಕೆ ಕೈಗಳಿಲ್ಲ.

ಸರಕಾರದ ಹಣದಿಂದ ನಡೆಯುವ ಆರೈಕೆಯು ದಾಸೋಹವಲ್ಲ, ಅದರಲ್ಲಿ ಭಾವವಿಲ್ಲ, ಸಂಬಳದ ಕೆಲಸ ಮಾತ್ರ ಎಂದು ಕೆಲವು ಭಕ್ತರು ಆಕ್ಷೇಪಿಸುವರು. ಇದನ್ನು ಬಸವಣ್ಣನವರ ಬಾಳಿನ ಬೆಳಕಿನಲ್ಲಿಯೇ ವಿಚಾರಿಸುವುದು ಉಚಿತ. ಅವರು ಕಲ್ಯಾಣದಲ್ಲಿ ಮಹಾಮನೆಯ ದಾಸೋಹಿಗಳು, ಅದೇ ಕಾಲಕ್ಕೆ ಬಿಜ್ಜಳನ ಭಂಡಾರಿಗಳು. ರಾಜಭಂಡಾರವನ್ನು ಜಂಗಮರಿಗೆ ಸುರಿಯುತ್ತಿರುವರೆಂದು ಕೊಂಡೆಯರು ದೂರಿದಾಗ ಬಿಜ್ಜಳನು ಹೊನ್ನನ್ನು ಎಣಿಸಿ ನೋಡಿದನೆಂದೂ ಲೆಕ್ಕವು ಒಂದಿಷ್ಟೂ ತಪ್ಪದೆ ಸರಿಹೋಯಿತೆಂದೂ ಬಸವಪುರಾಣದ ಪರಂಪರೆ ಹೇಳುತ್ತದೆ. ಭಕ್ತರು ಈ ಕಥೆಯನ್ನು ಪವಾಡವೆಂದು ಕೇಳಿ ಕೈಮುಗಿಯುತ್ತಾರೆ. ಪವಾಡದ ಮಾತು ಹಾಗಿರಲಿ. ಲೆಕ್ಕ ತೋರಿಸೆಂದು ಕೇಳಿದಾಗ ಬಸವಣ್ಣನವರು ‘ಇದು ಧರ್ಮಕಾರ್ಯ, ಇದರ ಲೆಕ್ಕ ಕೇಳಬಾರದು’ ಎನ್ನಲಿಲ್ಲ. ಭಂಡಾರದ ಬಾಗಿಲನ್ನು ತೆರೆದರು. ಧರ್ಮದ ಹೆಸರಿನಲ್ಲಿ ನಡೆಯುವ ಆಶ್ರಮಗಳೂ ಅನುದಾನ ಪಡೆಯುವ ಸಂಘಗಳೂ ಪರಿಶೀಲನೆಗೆ ಬಂದ ಅಧಿಕಾರಿಯನ್ನು ಕಂಡು ಮುಖ ಸಿಂಡರಿಸುವುದಾದರೆ ಈ ಕಥೆಯನ್ನು ಅವು ಸರಿಯಾಗಿ ಕೇಳಿಲ್ಲವೆಂದೇ ಅರ್ಥ. ನಿರ್ಗತಿಕರಾದ ಇಪ್ಪತ್ತೈದು ಮಂದಿ ವೃದ್ಧರಿಗೆ ವಸತಿ ನಡೆಸುವ ಸಂಘಗಳಿಗೆ ಕೇಂದ್ರ ಸರಕಾರವು ಸಹಾಯಧನ ಕೊಡುವ ಪದ್ಧತಿಯುಂಟು. ಆ ಹಣವೆಲ್ಲ ಪ್ರಜೆಗಳ ಕಾಯಕದಿಂದಲೇ ಕಂದಾಯವಾಗಿ ಬಂದದ್ದು. ಒಬ್ಬೊಬ್ಬನ ದುಡಿಮೆಯ ಒಂದು ಪಾಲು ಅವನು ಎಂದೂ ಕಾಣದ ಮುದುಕನ ಬಾಯಿಗೆ ತುತ್ತಾಗುವುದಾದರೆ, ಕೊಡುವವನ ‘ನಾನು ಕೊಟ್ಟೆ’ ಎಂಬ ಅಹಂಕಾರಕ್ಕೆ ಅಲ್ಲಿ ಎಡೆಯೇ ಇಲ್ಲ. ದಾನಕ್ಕೂ ದಾಸೋಹಕ್ಕೂ ಇರುವ ಭೇದವೇ ಇದಲ್ಲವೆ?

ಪಂಚಾಚಾರಗಳಲ್ಲಿ ಭೃತ್ಯಾಚಾರ, ಗಣಾಚಾರಗಳೆಂಬ ಎರಡನ್ನು ಈ ಸಂದರ್ಭದಲ್ಲಿ ವಿಶೇಷವಾಗಿ ನೆನೆಯಬೇಕು. ಎಲ್ಲರಿಗಿಂತ ಕಿರಿಯನೆಂಬ ಭಾವದಿಂದ ಸೇವೆಗೆ ನಿಲ್ಲುವುದು ಭೃತ್ಯಾಚಾರ. ಅನ್ಯಾಯವನ್ನು ಕಂಡು ಸುಮ್ಮನಿರದಿರುವುದು ಗಣಾಚಾರ. ಶುಶ್ರೂಷೆ ಮಾಡುವವರಲ್ಲಿ ಮೊದಲಿನದಿರಬೇಕು. ಅದನ್ನು ಯಾವ ಸರಕಾರವೂ ಆಜ್ಞೆಯಿಂದ ಹುಟ್ಟಿಸಲಾರದು. ಆದರೆ ಬೀಗ ಹಾಕಿದ ಬಾಗಿಲ ಹಿಂದೆ ವೃದ್ಧನೊಬ್ಬನನ್ನು ಹೊಡೆದರೆ, ಹಸಿವೆಯಿಂದ ಇಟ್ಟರೆ, ಅವನ ವೇತನವನ್ನು ಕಸಿದುಕೊಂಡರೆ ಒಳಗೆ ಹೋಗಿ ಕೇಳುವ ಗಣಾಚಾರವನ್ನು ಸರಕಾರವಲ್ಲದೆ ಬೇರೆ ಯಾರು ಸಮರ್ಥವಾಗಿ ನಡೆಸಬಲ್ಲರು? ದಯೆಯನ್ನು ಕಾನೂನು ಸೃಷ್ಟಿಸದು, ನಿಜ. ನಿರ್ದಯತೆಗೆ ಅಡ್ಡ ನಿಲ್ಲುವುದು ಅದರ ಕೈಲಾಗುವ ಕೆಲಸ.

ಇದಕ್ಕೆ ದೂರದೇಶದ ಒಂದು ಉದಾಹರಣೆ ಸಾಕು. ಅಮೆರಿಕದ ಶುಶ್ರೂಷಾಗೃಹಗಳಲ್ಲಿ ವೃದ್ಧರು ಬಿದ್ದಾರೆಂಬ ನೆಪದಿಂದ ಅವರನ್ನು ಕುರ್ಚಿಗೂ ಮಂಚಕ್ಕೂ ಪಟ್ಟಿಗಳಿಂದ ಬಿಗಿಯುವುದು ಒಂದು ಕಾಲಕ್ಕೆ ಸಾಮಾನ್ಯವಾಗಿದ್ದಿತು. ಕಟ್ಟಿದವರು ಕ್ರೂರಿಗಳಲ್ಲ; ಅದೇ ಅಲ್ಲಿಯ ರೂಢಿ. 1987ರಲ್ಲಿ ಅಲ್ಲಿಯ ಸಂಸತ್ತು ಕಾನೂನು ಮಾಡಿ, ಕೇವಲ ಸಿಬ್ಬಂದಿಯ ಅನುಕೂಲಕ್ಕಾಗಿ ಯಾರನ್ನೂ ಕಟ್ಟಬಾರದು, ಪ್ರತಿಯೊಬ್ಬನಿಗೂ ಅವನ ಅವಸ್ಥೆಗೆ ತಕ್ಕ ಆರೈಕೆಯ ಯೋಜನೆ ಬರೆದಿರಬೇಕು, ಆರೈಕೆಯ ಆಳುಗಳಿಗೆ ಕನಿಷ್ಠ 75 ಗಂಟೆಗಳ ಶಿಕ್ಷಣ ಆಗಿರಬೇಕು ಎಂದು ಗೊತ್ತುಮಾಡಿತು. ಕಟ್ಟುವ ರೂಢಿ ಕ್ರಮೇಣ ಇಳಿಯಿತು. ಸರಕಾರದ ಲೇಖನಿಯು ಮನುಷ್ಯನ ಕಟ್ಟನ್ನು ಬಿಚ್ಚಬಲ್ಲದು.

ಬಿಚ್ಚಿದ ಮೇಲೆ ಆ ವೃದ್ಧನು ಏನು ಮಾಡಬೇಕು? ಗೋಡೆ ನೋಡುತ್ತ ಕುಳಿತಿರಬೇಕೆ? 1991ರಲ್ಲಿ ನ್ಯೂಯಾರ್ಕ್ ರಾಜ್ಯದ ನ್ಯೂ ಬರ್ಲಿನ್ ಎಂಬ ಸಣ್ಣ ಊರಿನ ಶುಶ್ರೂಷಾಗೃಹದಲ್ಲಿ ಬಿಲ್ ಥಾಮಸ್ ಎಂಬ ತರುಣ ವೈದ್ಯನು ಇದೇ ಪ್ರಶ್ನೆಯನ್ನು ಕೇಳಿಕೊಂಡನು. ಔಷಧವಿದೆ, ಅನ್ನವಿದೆ, ಶುಚಿಯಿದೆ; ಆದರೂ ಜನ ಬಾಡುತ್ತಿದ್ದಾರೆ. ಒಂಟಿತನ, ಬೇಸರ, ತನ್ನಿಂದ ಯಾರಿಗೂ ಏನೂ ಆಗದೆಂಬ ನಿಸ್ಸಹಾಯತೆ, ಈ ಮೂರು ರೋಗಗಳಿಗೆ ಔಷಧಾಲಯದಲ್ಲಿ ಮದ್ದಿಲ್ಲವೆಂದು ಅವನಿಗೆ ಕಂಡಿತು. ಆ ಮನೆಗೆ ಅವನು ನಾಯಿ, ಬೆಕ್ಕು, ನೂರು ಹಕ್ಕಿಗಳು, ಗಿಡಬಳ್ಳಿಗಳು ಎಲ್ಲವನ್ನೂ ತಂದನು. ಹಕ್ಕಿಗೆ ಕಾಳು ಹಾಕುವ ಕೆಲಸ ವೃದ್ಧರದಾಯಿತು. ಮಾತು ಬಿಟ್ಟಿದ್ದವರು ಮಾತನಾಡಿದರು. ಆ ವೈದ್ಯನು ಕಾಯಕವೆಂಬ ಶಬ್ದವನ್ನು ಕೇಳಿರಲಾರನು. ಆದರೆ ಅವನು ಕಂಡುಕೊಂಡದ್ದು ಅದನ್ನೇ.

ಆರಂಭದ ಪ್ರಶ್ನೆಗೆ ಇಲ್ಲಿ ಒಂದು ದಾರಿ ಕಾಣುತ್ತದೆ. ಕಾಯಕವೆಂದರೆ ಗಳಿಕೆಯಲ್ಲ. ಲಿಂಗಸುಗೂರು ಸೀಮೆಯ ಅಮರೇಶ್ವರದವರಾದ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಕಥೆಯನ್ನು ಬಲ್ಲವರಿಗೆ ಇದು ತಿಳಿದ ಮಾತು. ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮ ಮೆಚ್ಚಲಿಲ್ಲ. ಹೆಚ್ಚಿನದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಹೇಳಿದಳು. ಅಕ್ಕಿಯ ಪ್ರಮಾಣದಿಂದ ಕಾಯಕ ದೊಡ್ಡದಾಗುವುದಿಲ್ಲವೆಂದು ಅವಳಿಗೆ ಗೊತ್ತಿದ್ದಿತು. ಪ್ರಮಾಣ ಹೆಚ್ಚಿದರೆ ದೊಡ್ಡದಾಗದಿದ್ದ ಮೇಲೆ, ಪ್ರಮಾಣ ಕಡಿಮೆಯಾದರೆ ಸಣ್ಣದಾಗುವುದೂ ಇಲ್ಲ. ನಡುಗುವ ಕೈಯಿಂದ ಸೊಪ್ಪು ಸೋಸುವ ಮುದುಕಿ, ಬತ್ತಿ ಹೊಸೆಯುವ ಅಜ್ಜಿ, ಮೊಮ್ಮಗನಿಗೆ ಹಳೆಯ ಲೆಕ್ಕ ಹೇಳಿಕೊಡುವ ಅಜ್ಜ ಇವರೆಲ್ಲರೂ ಕಾಯಕದಲ್ಲಿಯೇ ಇದ್ದಾರೆ. ಅದನ್ನೂ ಮಾಡಲಾರದೆ ಮಲಗಿದವನು ತನ್ನ ಪಾಲಿನ ಕಾಯಕವನ್ನು ಮುಗಿಸಿ ಇತರರಿಗೆ ಕಾಯಕವನ್ನು ಒದಗಿಸಿದ್ದಾನೆ. ಮನೆ ಬಾಗಿಲಿಗೆ ಬಂದ ಜಂಗಮನನ್ನು ‘ನೀನು ಏನು ದುಡಿದೆ’ ಎಂದು ಯಾವ ಭಕ್ತನೂ ಕೇಳುವುದಿಲ್ಲ. ತುಮಕೂರಿನ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು 1907ರಲ್ಲಿ ಜನಿಸಿ 2019ರಲ್ಲಿ ಲಿಂಗೈಕ್ಯರಾದರು. ನೂರು ದಾಟಿದ ಮೇಲೂ ಅವರು ಮಕ್ಕಳ ನಡುವೆಯೇ ಇದ್ದರು. ಅವರ ಆರೈಕೆ ಮಾಡಿದವರು ಅದನ್ನು ಭಾರವೆಂದು ಬಗೆದುದುಂಟೆ? ಅಂಥ ಮಹಿಮರಿಗೆ ಸಲ್ಲುವುದು ಬಳಗಾನೂರಿನ ಹೆಸರಿಲ್ಲದ ಮುದುಕಿಗೆ ಸಲ್ಲಬಾರದೆಂದು ಯಾವ ಶರಣನು ಹೇಳಿದ್ದಾನೆ?

ಆದುದರಿಂದ ಸರಕಾರವು ಆಶ್ರಮಗಳಿಗೆ ಮಟ್ಟವನ್ನು ಗೊತ್ತುಮಾಡುವಾಗ ಕೊಠಡಿಯ ಅಳತೆ, ಶೌಚಾಲಯದ ಸಂಖ್ಯೆ ಇವುಗಳೊಡನೆ ಇನ್ನೂ ಕೆಲವನ್ನು ನೋಡಬೇಕು. 19ನೆಯ ಪ್ರಕರಣವು ವೈದ್ಯಕೀಯ ಆರೈಕೆ, ಮನರಂಜನೆ ಎರಡನ್ನೂ ಹೆಸರಿಸುತ್ತದೆ. ಮನರಂಜನೆಯೆಂದರೆ ಗೋಡೆಗೊಂದು ದೂರದರ್ಶನವನ್ನು ತೂಗುಹಾಕುವುದೆಂದು ತಿಳಿದವರೇ ಹೆಚ್ಚು. ಹಲ್ಲಿಲ್ಲದವಳಿಗೆ ಜೋಳದ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಮುರಿದು ಕೊಡುವವರು ಇದ್ದಾರೆಯೆ? ಎಡಗೈಯಲ್ಲಿ ಇಷ್ಟಲಿಂಗವನ್ನು ಹಿಡಿಯಲಾರದಂತೆ ಕೈ ನಡುಗುವ ಅಜ್ಜನ ಕೈಗೆ ಆಸರೆಯಾಗಿ, ಪೂಜೆ ಮುಗಿಯುವವರೆಗೆ ನಿಲ್ಲುವ ವ್ಯವಧಾನ ಯಾರಿಗಾದರೂ ಉಂಟೆ? ಸ್ನಾನ ಮಾಡಿಸುವಾಗ ಕೊರಳಿನ ಕರಡಿಗೆಯನ್ನು ಕೇಳದೆ ಬಿಚ್ಚಿ ಕಿಟಕಿಯ ಮೇಲಿಟ್ಟರೆ ಆ ಜೀವಕ್ಕೆ ಆಗುವ ಸಂಕಟ ಯಾವ ಪರಿಶೀಲನಾ ವರದಿಯಲ್ಲಿಯೂ ಬರುವುದಿಲ್ಲ. ಪಕ್ಕದ ಮಂಚದ ಮುಸಲ್ಮಾನ ಮುದುಕನ ನಮಾಜಿನ ಹೊತ್ತಿಗೂ ಇದೇ ಮಾತು. ಸರಕಾರವು ಯಾರ ಧರ್ಮವನ್ನೂ ನಡೆಸಬೇಕಾಗಿಲ್ಲ. ಅವರವರದನ್ನು ಅವರವರು ನಡೆಸಿಕೊಳ್ಳಲು ಬಿಡುವು ಕೊಟ್ಟರೆ ಸಾಕು. ಅದೇ ರೀತಿ ಆರೈಕೆಯವಳ ಜಾತಿಯನ್ನು ಕೇಳಿ ಅವಳ ಕೈಯ ನೀರನ್ನು ಬೇಡವೆನ್ನುವ ಹಿರಿಯರು ಇದ್ದರೆ, ಅವರು ಲಿಂಗವಂತರೆಂದು ಹೇಳಿಕೊಳ್ಳುವವರಾದರೂ ಸರಿಯೆ, ಅವರ ಈ ಹಟಕ್ಕೆ ಆಶ್ರಮವು ಮಣಿಯಬಾರದು. ಶಿವಾಚಾರದಲ್ಲಿ ಅದಕ್ಕೆ ಸ್ಥಾನವಿಲ್ಲ.

ಆರೈಕೆಯವಳ ವಿಷಯವಾಗಿ ಇನ್ನೊಂದು ಮಾತುಂಟು. ‘ಸೇವೆ’ಯೆಂಬ ಪವಿತ್ರ ಶಬ್ದವನ್ನು ಮುಂದಿಟ್ಟು ಅವಳಿಗೆ ಅರೆಸಂಬಳ ಕೊಡುವುದು ನಮ್ಮ ಧರ್ಮಸಂಸ್ಥೆಗಳ ಹಳೆಯ ದೌರ್ಬಲ್ಯ. ತನಗೆ ಸಲ್ಲದುದನ್ನು ತೆಗೆದುಕೊಳ್ಳಬಾರದೆಂದು ಲಕ್ಕಮ್ಮ ಹೇಳಿದಳು. ಇನ್ನೊಬ್ಬರಿಗೆ ಸಲ್ಲತಕ್ಕುದನ್ನು ಇಟ್ಟುಕೊಳ್ಳಬಹುದೆಂದು ಹೇಳಲಿಲ್ಲ. ಹನ್ನೆರಡು ತಾಸು ಒಬ್ಬಳೇ ಇಪ್ಪತ್ತು ಮಂದಿಯನ್ನು ಎತ್ತಿ ಇಳಿಸಿ ಬಳಲಿದವಳಿಂದ ಭೃತ್ಯಾಚಾರವನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಎಷ್ಟು ಮಂದಿ ವೃದ್ಧರಿಗೆ ಎಷ್ಟು ಮಂದಿ ಆಳುಗಳು, ಅವರಿಗೆ ಎಷ್ಟು ಶಿಕ್ಷಣ, ಎಷ್ಟು ವೇತನ ಎಂಬುದನ್ನು ಸರಕಾರವು ಗೊತ್ತುಮಾಡಿ, ಗೊತ್ತುಮಾಡಿದ್ದನ್ನು ನಡೆಸಬೇಕು. ಆಶ್ರಮದ ಸಂಸ್ಕೃತಿ ಬದಲಾಗುವುದು ಗೋಡೆಯ ಮೇಲೆ ಬರೆದ ಸುಭಾಷಿತಗಳಿಂದಲ್ಲ, ಇಲ್ಲಿಂದ.

ಆದರೂ ಬಹುಪಾಲು ವೃದ್ಧರು ಬಯಸುವುದು ತಮ್ಮ ಮನೆಯ ಮೂಲೆಯನ್ನೇ. ಈ ವಿಷಯದಲ್ಲಿ ಕೇರಳವನ್ನು ನೋಡಿ ಕಲಿಯಬಹುದು. ಅಲ್ಲಿಯ ಉತ್ತರ ಜಿಲ್ಲೆಗಳಲ್ಲಿ ನೆರೆಹೊರೆಯ ಜನರೇ ಸೇರಿ ನಡೆಸುತ್ತಿದ್ದ ರೋಗಿಗಳ ಆರೈಕೆಯ ಕಾರ್ಯವನ್ನು 2008ರಲ್ಲಿ ಸರಕಾರವು ತನ್ನ ನೀತಿಯಾಗಿ ಅಂಗೀಕರಿಸಿತು. ದಾದಿಯರು ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರ ಹುಣ್ಣು ತೊಳೆಯುತ್ತಾರೆ, ಮನೆಯವರಿಗೆ ಆರೈಕೆ ಕಲಿಸುತ್ತಾರೆ. ಅದರ ಏರ್ಪಾಡು ಪಂಚಾಯತಿಗಳ ಕೈಯಲ್ಲಿದೆ. ಜನರ ದಾಸೋಹ ಮೊದಲು, ಸರಕಾರ ಅನಂತರ; ಆದರೆ ಸರಕಾರ ಬಂದುದರಿಂದಲೇ ಅದು ಎಲ್ಲ ಊರುಗಳಿಗೂ ಮುಟ್ಟಿತು. ವಾರಕ್ಕೊಮ್ಮೆ ಅಂಥ ದಾದಿಯೊಬ್ಬಳು ಬಳಗಾನೂರಿನ ಓಣಿಗಳಿಗೆ ಬಂದರೆ ಮೇಲೆ ಹೇಳಿದ ಸೊಸೆಗೆ ಅರ್ಧ ದಿನದ ಉಸಿರಾಟವಾದರೂ ದೊರೆತೀತು. ನಮ್ಮಲ್ಲಿ ಪ್ರಸಾದನಿಲಯಗಳನ್ನು ತೆರೆದು ಬಡ ಮಕ್ಕಳನ್ನು ಓದಿಸಿದ ಮಠಗಳ ಕೀರ್ತಿ ದೊಡ್ಡದು. ಅಂದು ಆ ನಿಲಯಗಳಲ್ಲಿ ಉಂಡು ಓದಿದವರು ಇಂದು ವೃದ್ಧರಾಗಿದ್ದಾರೆ.

ಇನ್ನು ಕಾಯಿದೆಯನ್ನು ಬಳಸಿಕೊಳ್ಳುವ ಮಾತು. ಆಸ್ತಿಯನ್ನು ಮಕ್ಕಳ ಹೆಸರಿಗೆ ಬರೆದುಕೊಟ್ಟು ಬೀದಿಗೆ ಬಿದ್ದವರ ಕಥೆಗಳು ಎಲ್ಲ ತಾಲೂಕುಗಳಲ್ಲಿಯೂ ಉಂಟು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ, ರದ್ದುಪಡಿಸಿಕೊಳ್ಳಲು 23ನೆಯ ಪ್ರಕರಣ ಅವಕಾಶ ಕೊಡುತ್ತದೆ. ಅಂಥ ಷರತ್ತು ಇದ್ದುದನ್ನು ತೋರಿಸಬೇಕೆಂದು 2022ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. 2025ರ ಜನವರಿಯಲ್ಲಿ ಅದೇ ನ್ಯಾಯಾಲಯವು ಈ ಕಾಯಿದೆಯನ್ನು ಹಿರಿಯರ ಹಿತದ ಕಡೆಗೆ ಉದಾರವಾಗಿ ಅರ್ಥಮಾಡಬೇಕೆಂದಿತು. ಗೃಹಸ್ಥರು ಎರಡರ ನಡುವಣ ಸೂಕ್ಷ್ಮಕ್ಕೆ ಹೋಗದೆ, ದಾನಪತ್ರ ಬರೆಯುವಾಗಲೇ ಆ ಷರತ್ತನ್ನು ಒಂದು ಸಾಲಿನಲ್ಲಿ ಸ್ಪಷ್ಟವಾಗಿ ಬರೆಯಿಸುವುದು ಕ್ಷೇಮ. ಮಗನ ಮೇಲೆ ಅಪನಂಬಿಕೆಯೆಂದು ಯಾರೂ ಇದರಿಂದ ನೊಂದುಕೊಳ್ಳಬೇಕಾದುದಿಲ್ಲ.

ಎಲ್ಲಕ್ಕಿಂತ ಕಠಿನವಾದ ತೊಡಕೊಂದು ಉಳಿಯುತ್ತದೆ. ತಾಯಿಯು ಮಗನ ಮೇಲೆ ದೂರು ಕೊಡುವುದಿಲ್ಲ. ಹಸಿದಿರುತ್ತಾಳೆ, ‘ಉಂಡೆನಪ್ಪಾ’ ಎನ್ನುತ್ತಾಳೆ. ಅವನು ಸೆರೆಗೆ ಹ‌ೋಗುವುದನ್ನು ಕಾಣುವುದಕ್ಕಿಂತ ಕೊಟ್ಟಿಗೆಯ ಕೋಣೆಯೇ ಅವಳಿಗೆ ಲೇಸು. ಕಾಯಿದೆ ಮಾಡಿದವರಿಗೂ ಇದರ ಸುಳಿವು ಇದ್ದಿರಬೇಕು. ಅರ್ಜಿ ಬಾರದಿದ್ದರೂ ನ್ಯಾಯಮಂಡಳಿಯು ತಾನಾಗಿಯೇ ವಿಚಾರಣೆಗೆ ತೆಗೆದುಕೊಳ್ಳಬಹುದು. ಹಿರಿಯರಿಗೆ ಶಕ್ತಿಯಿಲ್ಲದಿದ್ದರೆ ಅವರ ಒಪ್ಪಿಗೆ ಪಡೆದ ಬೇರೊಬ್ಬರು, ಅಥವಾ ಒಂದು ಸಂಸ್ಥೆ, ಅವರ ಪರವಾಗಿ ಅರ್ಜಿ ಸಲ್ಲಿಸಬಹುದು. ಮೊದಲು ಸಂಧಾನಕ್ಕೆ ಅವಕಾಶವಿದೆ, ವಕೀಲರ ಅವಶ್ಯವಿಲ್ಲ. ಊರಿನ ಮಠವೂ ಅಂಥ ಒಂದು ಸಂಸ್ಥೆಯೇ. ಮಠದ ಶಾಲೆಯಲ್ಲಿ ಅಕ್ಷರ ಕಲಿತವನೊಬ್ಬನು ಮುದುಕಿಯ ಬಳಿ ಕುಳಿತು, ಅವಳಿಗೆ ಬೇಕಾದುದು ಮಗನ ಸೆರೆಯಲ್ಲ, ಎರಡು ಹೊತ್ತಿನ ಬಿಸಿ ಅನ್ನ, ಔಷಧದ ಹಣ, ಪಡಸಾಲೆಯಲ್ಲಿ ಒಂದು ಹಾಸಿಗೆ ಎಂಬುದನ್ನು ಅವಳ ಮಾತಿನಲ್ಲಿಯೇ ಬರೆದುಕೊಂಡು, ಹೆಬ್ಬೆಟ್ಟು ಒತ್ತಿಸಿಕೊಂಡು ಲಿಂಗಸುಗೂರಿನ ಸಹಾಯಕ ಆಯುಕ್ತರ ಕಚೇರಿಗೆ ಹೋಗಬಹುದು. ತೊಂಬತ್ತು ದಿನಗಳೊಳಗೆ ಅಲ್ಲಿ ತೀರ್ಮಾನವಾಗಬೇಕೆಂದು ಕಾಯಿದೆ ಹೇಳುತ್ತದೆ. ಸಕಾರಣವಿದ್ದರೆ ಇನ್ನೂ ಮೂವತ್ತು ದಿನ. ವಿಚಾರಣೆ ನಡೆಯುತ್ತಿರುವಾಗ ಮಧ್ಯಂತರ ಜೀವನಾಂಶವನ್ನು ಕೊಡಿಸಲು ನ್ಯಾಯಮಂಡಳಿಗೆ ಅಧಿಕಾರವುಂಟು; ಆದರೆ ಆ ಆಜ್ಞೆ ಬರುವವರೆಗೆ ಅವಳಿಗೆ ರೊಟ್ಟಿ ಎಲ್ಲಿಂದ ಬರಬೇಕೆಂಬುದನ್ನು ಕಾಯಿದೆಯಲ್ಲಿ ಹುಡುಕುವಂತಿಲ್ಲ. ಅದನ್ನು ಅವಳ ಓಣಿಯವರು ಆ ಸಂಜೆಯೇ ಕುಳಿತು ಗೊತ್ತುಮಾಡಬೇಕು.